ಕಾವಲು ಕಾಯುವವರ ಕೂಲಿ

"ಮಕ್ಕಳ ದುಡ್ಡಿನ ಲೆಕ್ಕ ಯಾರ ಹತ್ತಿರ ಇದೆ, ಮೌಲವಿ ಸಾಬ್?"

ಒಂದು ಶುಕ್ರವಾರ ಜುಮಾ ನಮಾಝ್ ಮುಗಿಸಿ ಚಪ್ಪಲಿ ಹುಡುಕುತ್ತಿದ್ದಾಗ ನಮ್ಮ ಜಮಾಅತಿನ ಹಿರಿಯರೊಬ್ಬರು ಕೇಳಿದ ಪ್ರಶ್ನೆಯಿದು. ಅವರ ದನಿಯಲ್ಲಿ ಅನುಮಾನವೇನೂ ಇರಲಿಲ್ಲ. "ನನ್ನ ಹತ್ತಿರವೇ ಇದೆ" ಎಂದು ನಗುತ್ತಲೇ ಉತ್ತರಿಸಿದೆ. ಆದರೆ ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್ ಎಂದರೆ ಈಗ ಹಲವರಿಗೆ ಗೊತ್ತು. 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇಲ್ಲಿಯೇ 615 ಎಕರೆಯಲ್ಲಿದೆ. ಆದರೆ ಊರ ಪಕ್ಕ ಕಾರ್ಖಾನೆ ಬಂದ ಮಾತ್ರಕ್ಕೆ ಊರ ಮಕ್ಕಳು ಅದರ ಗೇಟು ದಾಟಲಾರರು. ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಯಬೇಕು. ಹಾಗೆಂದು ನಾವು ನಾಲ್ಕಾರು ಮಂದಿ ಸೇರಿ ಸಂಜೆ ಪಾಠ ಆರಂಭಿಸಿದೆವು. ಒಂದು ಹಳೆಯ ಕೋಣೆ, ಒಂದು ಕರಿಹಲಗೆ, ಇಪ್ಪತ್ತೆರಡು ಮಕ್ಕಳು. ಎಲ್ಲ ಸಮುದಾಯದ ಮಕ್ಕಳೂ ಇದ್ದರು. ನಿವೃತ್ತ ಮೇಷ್ಟ್ರೊಬ್ಬರು ಗಣಿತ ಹೇಳಿಕೊಡಲು ಒಪ್ಪಿದರು.

ಊರವರು ಕೊಟ್ಟ ಹಣವೆಲ್ಲ ನನ್ನ ಉಳಿತಾಯ ಖಾತೆಗೇ ಬರುತ್ತಿತ್ತು. ಬೇರೆ ದಾರಿ ಇರಲಿಲ್ಲ; ನಮ್ಮದು ನೋಂದಣಿಯಿಲ್ಲದ ಗುಂಪು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ವಿಧವೆಯೊಬ್ಬರು ಪ್ರತಿ ತಿಂಗಳೂ ತಪ್ಪದೆ ನೂರು ರೂಪಾಯಿ ಕೊಡುತ್ತಿದ್ದರು. ಹೀಗೆ 38,500 ರೂಪಾಯಿ ಸೇರಿತ್ತು. ಆ ಸಮಯದಲ್ಲಿ ನನ್ನ ಮಗಳಿಗೆ ಜ್ವರ ಜೋರಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಸಂಬಳ ಬರಲು ಇನ್ನೂ ಹತ್ತು ದಿನವಿತ್ತು. ಆರು ಸಾವಿರ ತೆಗೆದೆ. ಹನ್ನೊಂದನೇ ದಿನ ತಿರುಗಿ ಹಾಕಿದೆ. ಯಾರಿಗೂ ಗೊತ್ತಾಗಲಿಲ್ಲ.

ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಅಂದು ಊಟ ಬಿಟ್ಟು ಎದ್ದಾಗ ಅವಳು ಹೇಳಿದಳು: "ನೀವು ಹಿಂದಿರುಗಿಸಿದ್ದು ಸರಿ. ಆದರೆ ಆ ಹತ್ತು ದಿನದಲ್ಲಿ ನೀವು ಕಣ್ಣು ಮುಚ್ಚಿದ್ದರೆ, ಆ ಆರು ಸಾವಿರ ನಿಮ್ಮ ಸಾಲವೆಂದು ನನ್ನ ಬಿಟ್ಟು ಯಾರು ಹೇಳುತ್ತಿದ್ದರು?"

ಮದ್ರಸಾದಲ್ಲಿ ಕುದೂರಿ ಓದಿದವನು ನಾನು. ಅಮಾನತಿನ ಹಣವನ್ನು ತನ್ನ ಹಣದೊಂದಿಗೆ ಗುರುತು ಸಿಗದಂತೆ ಬೆರೆಸಿದವನು ಅದಕ್ಕೆ ಹೊಣೆಗಾರನಾಗುತ್ತಾನೆಂಬ ನಿಯಮ ಅದರಲ್ಲಿದೆ. ಅದನ್ನು ಹುಡುಗರಿಗೆ ಪಾಠ ಮಾಡಿದ್ದೂ ಉಂಟು. ಖರ್ಚು ಮಾಡುವುದು ಆಮೇಲಿನ ಮಾತು, ಬೆರೆಸಿದ್ದೇ ನನ್ನ ಮೊದಲ ತಪ್ಪಾಗಿತ್ತು.

ಅದೇ ದಿನಗಳಲ್ಲಿ ವಸಂತನರಸಾಪುರದ ಕಡೆಯ ಕಂಪನಿಯೊಂದರ ಅಧಿಕಾರಿಯನ್ನು ಕಂಡು ಮಕ್ಕಳಿಗೆ ಬೆಂಚು ಕೇಳಿದೆವು. ಅವರು ಆದರದಿಂದಲೇ ಕಾನೂನು ತಿಳಿಸಿದರು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಆದರೆ ಆ ಕೆಲಸವನ್ನು ಹೊರಗಿನ ಸಂಸ್ಥೆಗೆ ವಹಿಸುವುದಾದರೆ ಅದು ನೋಂದಾಯಿತವಾಗಿರಬೇಕು, ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಪಡೆದಿರಬೇಕು, ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ಅನುಭವವೂ ಇರಬೇಕು. ನಾವು ಇಂದೇ ಟ್ರಸ್ಟ್ ಮಾಡಿದರೂ ಮೂರು ವರ್ಷ ಕಾಯಬೇಕು. ಅಷ್ಟರಲ್ಲಿ ಈ ಮಕ್ಕಳ ಎಸ್ಸೆಸ್ಸೆಲ್ಸಿ ಮುಗಿದೇ ಹೋಗಿರುತ್ತದೆ.

ಆಗ ಲೆಕ್ಕಪರಿಶೋಧಕರೊಬ್ಬರು ಇನ್ನೊಂದು ದಾರಿ ತೋರಿಸಿದರು. ಈಗಾಗಲೇ ಮಾನ್ಯತೆಯಿರುವ ಟ್ರಸ್ಟ್ ಒಂದು ನಿಮ್ಮ ಕೆಲಸವನ್ನು ತನ್ನ ಯೋಜನೆಯಾಗಿ ಸ್ವೀಕರಿಸಲಿ. ಹಣ ಅದರ ಖಾತೆಗೆ ಬರಲಿ, ರಶೀದಿ ಅದು ಕೊಡಲಿ, ಕೆಲಸ ನೀವು ಮಾಡಿ. ಇದಕ್ಕೆ ಫಿಸ್ಕಲ್ ಸ್ಪಾನ್ಸರ್‌ಶಿಪ್ ಎಂದು ಹೆಸರು. ನಾವು ಹಣಕಾಸಿನ ಆಸರೆ ಎನ್ನಬಹುದು. ಅಮೆರಿಕದಲ್ಲಿ ಇದು ದಶಕಗಳಿಂದ ರೂಢಿಯಲ್ಲಿದೆ. ಗ್ರೆಗರಿ ಕಾಲ್ವಿನ್ ಎಂಬ ವಕೀಲರು 1993ರಲ್ಲಿ ಇದರ ಆರು ವಿಧಾನಗಳ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ.

ಆದರೆ ಇದು ರಶೀದಿ ಪುಸ್ತಕವನ್ನು ಬಾಡಿಗೆಗೆ ಪಡೆಯುವ ವ್ಯವಹಾರವಲ್ಲ. ಒಂದು ಕೈಯಲ್ಲಿ ಹಣ ಪಡೆದು ಇನ್ನೊಂದು ಕೈಯಲ್ಲಿ ನಗದಾಗಿ ಹಿಂದಿರುಗಿಸುವುದು ಕಾನೂನಿನ ದೃಷ್ಟಿಯಲ್ಲೂ ದೀನಿನ ದೃಷ್ಟಿಯಲ್ಲೂ ವಂಚನೆ. ಹಣ ಬಂದ ಮೇಲೆ ಅದರ ಪೂರ್ಣ ಹೊಣೆ ಟ್ರಸ್ಟಿನದು. ಬೇಡವೆನ್ನುವ ಅಧಿಕಾರವೂ ಅದಕ್ಕಿರಬೇಕು.

ತುಮಕೂರಿನ ಒಂದು ಟ್ರಸ್ಟ್ ಒಪ್ಪಿತು. ಲೆಕ್ಕಪತ್ರದ ಖರ್ಚಿಗಾಗಿ ನೂರಕ್ಕೆ ಐದು ರೂಪಾಯಿ ಇಟ್ಟುಕೊಳ್ಳುವುದಾಗಿ ತಿಳಿಸಿತು. ಊರಿನಲ್ಲಿ ದೊಡ್ಡ ಗದ್ದಲವಾಯಿತು. "ಸದಕಾ ಹಣದಲ್ಲೂ ಕಮಿಷನ್ನೇ?" ಎಂದು ಅದೇ ಹಿರಿಯರು ಸಿಟ್ಟಾದರು.

ನಾನು ಅವರಿಗೆ ಹಝ್ರತ್ ಉಮರ್(ರ)ರ ಖೈಬರ್ ಭೂಮಿಯ ವಿಷಯ ನೆನಪಿಸಿದೆ. ಪ್ರವಾದಿವರ್ಯರ(ಸ) ಸಲಹೆಯಂತೆ ಅವರು ಆ ಭೂಮಿಯನ್ನು ವಕ್ಫ್ ಮಾಡಿದರು. ಮೂಲ ಆಸ್ತಿಯನ್ನು ಮಾರುವಂತಿಲ್ಲ, ಫಲ ಬಡವರಿಗೆ. ಆದರೆ ಅದನ್ನು ನೋಡಿಕೊಳ್ಳುವವನು ನ್ಯಾಯವಾದ ಮಿತಿಯಲ್ಲಿ ಅದರಿಂದ ಉಣ್ಣಬಹುದು, ಸಂಪತ್ತು ಕೂಡಿಹಾಕುವಂತಿಲ್ಲ ಎಂದೂ ಷರತ್ತಿತ್ತು. ಕಾಯುವವನಿಗೂ ಹೊಟ್ಟೆಯಿದೆಯೆಂದು ಹಝ್ರತ್ ಉಮರ್(ರ) ಮೊದಲೇ ಬರೆದಿಟ್ಟರು. ನಾನಾದರೋ ಬರೆಯದೆ, ಕೇಳದೆ ಆರು ಸಾವಿರ ತೆಗೆದುಕೊಂಡಿದ್ದೆ. ಅದನ್ನೂ ಅಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಹಿರಿಯರು "ಐದು ರೂಪಾಯಿಯೇ ಅಗ್ಗ, ಬರೆಯಿರಿ" ಎಂದರು.

ಬರೆದೆವು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಸೂರಃ ಅಲ್ ಬಕರದ 282ನೇ ವಚನ ಆದೇಶಿಸುತ್ತದೆ. ನಮ್ಮ ಒಪ್ಪಂದದಲ್ಲಿ ನಮ್ಮ ಯೋಜನೆಗೆ ಪ್ರತ್ಯೇಕ ಲೆಕ್ಕದ ಪುಟ, ಬಿಲ್ಲಿಗೆ ಮೇಷ್ಟ್ರು ಮತ್ತು ಹಿರಿಯರ ಎರಡು ಸಹಿ, ಮೂರು ತಿಂಗಳಿಗೊಮ್ಮೆ ಊರ ಮುಂದೆ ಲೆಕ್ಕ. ಟ್ರಸ್ಟ್ ಮುಚ್ಚಿದರೆ ಉಳಿದ ಹಣ ಇದೇ ಉದ್ದೇಶದ ಮತ್ತೊಂದು ಮಾನ್ಯ ಟ್ರಸ್ಟಿಗೆ. ಈ ಕೊನೆಯ ಮಾತು ಅನಗತ್ಯವೆಂದು ಕೆಲವರಿಗೆ ಅನಿಸಿತು. ಆದರೆ 2024ರಲ್ಲಿ ಅಮೆರಿಕದ ಓಪನ್ ಕಲೆಕ್ಟಿವ್ ಫೌಂಡೇಶನ್ ತಾನು ಮುಚ್ಚುವುದಾಗಿ ಪ್ರಕಟಿಸಿದಾಗ, ಅದರ ಆಸರೆಯಲ್ಲಿದ್ದ ನೂರಾರು ಗುಂಪುಗಳು ಅದೇ ವರ್ಷದೊಳಗೆ ಬೇರೆ ನೆರಳು ಹುಡುಕಬೇಕಾಯಿತು.

ಝಕಾತನ್ನು ಇದರಲ್ಲಿ ಬೆರೆಸಲಿಲ್ಲ. ಅದರ ಹಕ್ಕುದಾರರು ಎಂಟು ವರ್ಗದವರೆಂದು ಕುರ್‌ಆನ್ ನಿಗದಿಪಡಿಸಿದೆ. ಹನಫೀ ಫಿಕ್ಹ್ ಪ್ರಕಾರ ಅದನ್ನು ಅರ್ಹನ ಒಡೆತನಕ್ಕೇ ಒಪ್ಪಿಸಬೇಕು. ಕಟ್ಟಡಕ್ಕೆ, ದೀಪಕ್ಕೆ ಸಲ್ಲದು. ಆದ್ದರಿಂದ ಝಕಾತ್ ಕೊಡುವವರಿಗೆ ಬಡ ಮಕ್ಕಳ ಮನೆ ತೋರಿಸಿದೆವು, ಅಷ್ಟೇ.

ಹೊರದೇಶದ ಹಣದ ವಿಷಯದಲ್ಲೂ ಎಚ್ಚರ ಬೇಕು. ದುಬೈಯಲ್ಲಿ ದುಡಿಯುವ ಭಾರತೀಯ ನಾಗರಿಕ ತನ್ನ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅನ್ಯದೇಶದ ಪೌರತ್ವ ಪಡೆದವರು ಕೊಟ್ಟರೆ ಎಫ್‌ಸಿಆರ್‌ಎ ಕಾಯ್ದೆ ಅನ್ವಯಿಸುತ್ತದೆ. 2020ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಬೇರೊಂದಕ್ಕೆ ವರ್ಗಾಯಿಸುವಂತೆಯೂ ಇಲ್ಲ. ಅಂಥ ಒಬ್ಬರ ನೆರವನ್ನು ನಾವು ವಿನಯದಿಂದ ನಿರಾಕರಿಸಿದೆವು.

ಆಸರೆಯೆಂದರೆ ಕಿರಿಕಿರಿಯೂ ಇದೆ. ಎರಡು ಟ್ಯೂಬ್‌ಲೈಟಿನ ಬಿಲ್ಲಿಗೆ ಹತ್ತೊಂಬತ್ತು ದಿನ ಕಾದೆವು. ವಾರ್ಷಿಕೋತ್ಸವದ ಬಿರಿಯಾನಿಗೆ ಹಣ ಕೇಳಿದಾಗ "ಇದು ಪಾಠದ ಹಣ" ಎಂದು ಟ್ರಸ್ಟಿನವರು ಕಡ್ಡಿ ಮುರಿದಂತೆ ಹೇಳಿದರು. ನಮ್ಮ ಯುವಕರು ಮುನಿಸಿಕೊಂಡರು. ನನಗೇಕೋ ಅಂದು ನೆಮ್ಮದಿಯೆನಿಸಿತು. ನನಗೆ ಬೇಡ ಎನ್ನುವವರು ಆ ಹತ್ತು ದಿನಗಳಲ್ಲಿ ಇರಲಿಲ್ಲವಲ್ಲ!

ಈಗ ಬೆಂಚು ಬಂದಿದೆ. ಮಕ್ಕಳು ನಲವತ್ತಾಗಿದ್ದಾರೆ. ಆ ತಾಯಿ ಈಗಲೂ ನೂರು ರೂಪಾಯಿ ಕೊಡುತ್ತಾರೆ. ಮುದ್ರಿತ ರಶೀದಿಯನ್ನು ಮಡಚಿ ಪಡಿತರ ಚೀಟಿಯೊಳಗೆ ಇಟ್ಟುಕೊಳ್ಳುತ್ತಾರೆ.

ನಮ್ಮ ಮೈಸೂರು ಸೀಮೆಯಲ್ಲಿ ಕಾವಲ್ ಎಂದರೆ ಜಾನುವಾರುಗಳಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲು. ಕಾಯುವವನು ಹುಲ್ಲಿನ ಒಡೆಯನಲ್ಲ. ಊರಿನ ಹಣ ಕೈಯಲ್ಲಿ ಹಿಡಿದ ನಮ್ಮೆಲ್ಲರ ಸ್ಥಿತಿಯೂ ಇದೇ. ನಿಮ್ಮೂರಿನ ಮಸೀದಿ, ಶಾಲೆ, ಸಂಘದ ದುಡ್ಡು ಇಂದು ಯಾರ ಖಾತೆಯಲ್ಲಿದೆ? ಅನುಮಾನದಿಂದಲ್ಲ, ಆ ವ್ಯಕ್ತಿಯ ಮೇಲಿನ ಪ್ರೀತಿಯಿಂದ ಒಮ್ಮೆ ಕೇಳಿ ನೋಡಿ. ಯಾರೋ ಕೇಳಲಿ ಎಂದು ಅವನೂ ಕಾಯುತ್ತಿರಬಹುದು.