ಮೂವತ್ತು ಎಂಎಲ್ಲಿನ ಮುಚ್ಚಳ

ನಮ್ಮ ಕಾವೂರಿನಲ್ಲಿ ಯಾರು ಎದುರು ಸಿಕ್ಕಿದರೂ ಮೊದಲು ಕೇಳುವುದು "ಒಣಸ್ ಆಂಡಾ?" ಅಂತ. ಕನ್ನಡದಲ್ಲಾದರೆ "ಊಟ ಆಯ್ತಾ?". ಬೆಳಗ್ಗೆ ಹತ್ತು ಗಂಟೆಗೂ ಕೇಳ್ತಾರೆ, ಸಂಜೆ ಐದಕ್ಕೂ ಕೇಳ್ತಾರೆ. ಉತ್ತರ ಬೇಕು ಅಂತೇನೂ ಇಲ್ಲ, "ಆಂಡ್" ಅಂದರೆ ಮುಗಿಯಿತು. ನಲವತ್ತೆರಡು ವರ್ಷ ನಾನೂ ಹಾಗೇ ಹೇಳಿಕೊಂಡು ಬಂದವನು. 2025ರ ಜುಲೈಯಲ್ಲಿ ಮಾತ್ರ ಈ ಪ್ರಶ್ನೆಗೆ ಎಂತ ಹೇಳುವುದು ಅಂತ ಗೊತ್ತಾಗದೆ ಸುಮ್ಮನೆ ನಗುತ್ತಿದ್ದೆ. ಯಾಕೆಂದರೆ ನನ್ನ ಊಟ ಆಗುತ್ತಲೇ ಇತ್ತು, ಬೆಳಗ್ಗಿನಿಂದ ರಾತ್ರಿವರೆಗೆ, ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ!

ವಿಷಯ ಇಷ್ಟು. ನಾನು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಆಗ ನನ್ನ ತೂಕ 124 ಕಿಲೋ, ಎತ್ತರ 168 ಸೆಂಟಿಮೀಟರ್. ಬಿಎಂಐ ಲೆಕ್ಕ ಹಾಕಿದರೆ 44ರ ಹತ್ತಿರ. ಜೊತೆಗೆ ಒಂಬತ್ತು ವರ್ಷದ ಶುಗರ್. ಇದೆಲ್ಲ ಇದ್ದದ್ದೇ, ಅದಕ್ಕೇನೂ ನಾನು ಹೆದರಿರಲಿಲ್ಲ. ಹೆದರಿದ್ದು ಹೆಂಡತಿಯ ಒಂದು ಮಾತಿಗೆ. "ರಾತ್ರಿ ನಿಮ್ಮ ಗೊರಕೆ ನಿಂತರೆ ನಾನು ಎದ್ದು ಕೂತು ಎಣಿಸ್ತೇನೆ. ಇಪ್ಪತ್ತರವರೆಗೆ ಎಣಿಸಿದ್ದುಂಟು, ಮತ್ತೆ ಉಸಿರು ಬರುವುದರೊಳಗೆ." ಎಷ್ಟು ದಿನದಿಂದ ಅಂತ ಕೇಳಿದೆ. ಎರಡು ವರ್ಷದಿಂದ ಅಂದಳು. ಪಕ್ಕದಲ್ಲಿ ಮಲಗಿದವನಿಗೇ ಗೊತ್ತಿಲ್ಲದ ಸಂಗತಿ ನೋಡಿ.

ಸುದ್ದಿ ಹೊರಗೆ ಬಿದ್ದದ್ದೇ ತಡ, ಸಲಹೆಗಳು ಶುರು. "ಈಗ ಇಂಜೆಕ್ಷನ್ ಬಂದಿದೆಯಲ್ಲಾ, ಅದೇ ಸಾಕಿತ್ತು" ಅಂದವರು ಹಲವರು. (ಮೌಂಜಾರೊ ನಮ್ಮ ದೇಶಕ್ಕೆ ಬಂದದ್ದು 2025ರ ಮಾರ್ಚಿನಲ್ಲಿ. ನಾನೂ ಕೇಳಿ ನೋಡಿದ್ದೆ, ನನ್ನ ಮಟ್ಟಿಗೆ ಆಪರೇಷನ್ನೇ ಸರಿ ಅಂತ ಡಾಕ್ಟ್ರು ಹೇಳಿದ್ದರು.) ಪಕ್ಕದ ಮನೆಯ ಅಕ್ಕ ಮಾತ್ರ ಅಮ್ಮನ ಕಿವಿಯಲ್ಲಿ, "ಆ ಟಿವಿ ಹುಡುಗಿ ತೀರಿಕೊಂಡದ್ದು ಇದರಲ್ಲೇ ಅಲ್ವಾ?" ಅಂದುಬಿಟ್ಟರು. 2022ರ ಮೇಯಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಧಾರಾವಾಹಿ ನಟಿ ಚೇತನಾ ರಾಜ್ ಬಗ್ಗೆ ಅವರು ಹೇಳಿದ್ದು. ಇಪ್ಪತ್ತೊಂದು ವರ್ಷದ ಹುಡುಗಿ, ಪಾಪ. ಆದರೆ ಆಕೆ ಹೋದದ್ದು ಕೊಬ್ಬು ತೆಗೆಸುವ ಸೌಂದರ್ಯ ಚಿಕಿತ್ಸೆಗೆ. ಅದರಲ್ಲಿ ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುತ್ತಾರೆ. ನನ್ನದರಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ, ಜಠರವನ್ನೇ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುವುದು. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಎರಡೂ ಬೇರೆ ಬೇರೆ ಅಂತ ಅಮ್ಮನಿಗೆ ವಿವರಿಸಿದೆ. "ಮುಕ್ಕಾಲು ಪಾಲು ತೆಗೆಯುವುದಾ?" ಅಂತ ಅಮ್ಮ ಇನ್ನೂ ಹೆಚ್ಚು ಹೆದರಿದರು :)

ಆಪರೇಷನ್ ಬಗ್ಗೆ ಹೇಳಲಿಕ್ಕೆ ಹೆಚ್ಚೇನಿಲ್ಲ, ನಾನು ನಿದ್ದೆಯಲ್ಲಿದ್ದೆ. ಎದ್ದ ಮೇಲೆ ಹೊಟ್ಟೆಗಿಂತ ಭುಜ ನೋಯುತ್ತಿತ್ತು. ಒಳಗೆ ಜಾಗ ಮಾಡಿಕೊಳ್ಳಲು ಗ್ಯಾಸ್ ತುಂಬಿಸುತ್ತಾರಂತೆ, ಅದು ವಪೆಯನ್ನು ಕೆಣಕಿ ನೋವು ಭುಜದಲ್ಲಿ ಬರುತ್ತದಂತೆ. ಮದ್ದು ಏನೆಂದರೆ ನಡೆಯುವುದು. ಅದೇ ಸಂಜೆ ಎಬ್ಬಿಸಿ ವಾರ್ಡಿನಲ್ಲಿ ನಡೆಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದಲ್ಲ, ಅದಕ್ಕೂ ಅದೇ ಮದ್ದು, ಜೊತೆಗೊಂದು ಇಂಜೆಕ್ಷನ್.

ಮನೆಗೆ ಬಂದ ಮೇಲೆ ನಿಜವಾದ ಕತೆ. ಹದಿನೈದು ನಿಮಿಷಕ್ಕೊಮ್ಮೆ 30 ಎಂಎಲ್, ಅದೂ ಗುಟುಕರಿಸಿ. ಗಂಟೆಗೆ 120. ಎಚ್ಚರವಾಗಿರುವ ಹದಿನಾಲ್ಕು ಗಂಟೆ ಒಂದೂ ತಪ್ಪದೆ ಕುಡಿದರೆ 1680. ದಿನಕ್ಕೆ ಒಂದೂವರೆ ಲೀಟರ್ ಒಳಗೆ ಹೋಗಲೇಬೇಕು, ಇಲ್ಲದಿದ್ದರೆ ಮತ್ತೆ ಆಸ್ಪತ್ರೆಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಳ್ಳಬೇಕು. ಅಂದರೆ ಒಂದು ನಿದ್ದೆ ಹೊಡೆದರೆ ಆ ಲೆಕ್ಕ ಕೊನೆಗೆ ಹಿಡಿಯಲಿಕ್ಕೆ ಆಗುವುದಿಲ್ಲ. ಮೊದಲು ಒಂದು ಚೆಂಬು ನೀರನ್ನು ನಿಂತಲ್ಲೇ ಗಟಗಟ ಮುಗಿಸುತ್ತಿದ್ದವನಿಗೆ ಇದೆಂತ ಶಿಕ್ಷೆ ಮಾರಾಯ್ರೆ! ಬಾಯಾರಿಕೆ ಇದ್ದೂ ಕುಡಿಯಲಾಗದ ಸಂಕಟ ಹಸಿವಿಗಿಂತ ದೊಡ್ಡದು.

ಹಸಿವು ಇರಲಿಲ್ಲ. ಇದು ನಂಬುವುದು ಕಷ್ಟ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ ಅಂತೆ. ಆದರೆ ಸಂಜೆ ನಾಲ್ಕೂವರೆಗೆ ಜಂಕ್ಷನ್ ಕಡೆಯಿಂದ ಗೋಳಿಬಜೆ ಕರಿಯುವ ವಾಸನೆ ನೆನಪಾದರೆ ಹೊಟ್ಟೆಗೆ ಏನೂ ಆಗುತ್ತಿರಲಿಲ್ಲ, ಕಣ್ಣಲ್ಲಿ ನೀರು ಬರುತ್ತಿತ್ತು. ನಿಜವಾಗಿ ಅತ್ತಿದ್ದೇನೆ, ಬಾತ್‌ರೂಮಿನಲ್ಲಿ ನಳ್ಳಿ ತಿರುಗಿಸಿಟ್ಟು. ಗೋಳಿಬಜೆಗಾಗಿ ಅಳುವ ಗಂಡಸನ್ನು ನೀವು ಕಂಡಿರಲಿಕ್ಕಿಲ್ಲ.

ಅಡುಗೆಮನೆಯಲ್ಲಿ ಇನ್ನೊಂದು ಯುದ್ಧ. ಅಮ್ಮನಿಗೆ ಲೋಕದ ಎಲ್ಲ ಕಾಯಿಲೆಗೂ ಮದ್ದು ಕುಚ್ಚಲಕ್ಕಿ ಗಂಜಿಯ ತೆಳಿ. ಡಯೆಟಿಷಿಯನ್ ತೆಳಿ ಬೇಡ ಅನ್ನಲಿಲ್ಲ, ಆದರೆ ಅದರಲ್ಲಿ ಪ್ರೋಟೀನ್ ಇಲ್ಲ, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ ಅಂದರು. ಪ್ರೋಟೀನ್ ಪುಡಿಯ ರುಚಿಯೋ, ಸುಣ್ಣಕ್ಕೆ ವೆನಿಲ್ಲಾ ಹಾಕಿದ ಹಾಗೆ. ಕೊನೆಗೆ ಅಮ್ಮ ಹುರುಳಿ ಬೇಯಿಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಸಾರು ಮಾಡಿದರು. ಖಾರ ಇಲ್ಲ, ಒಗ್ಗರಣೆ ಇಲ್ಲ. ಆದರೂ ಅದು ನಮ್ಮ ಮನೆಯ ಸಾರು. ಮಜ್ಜಿಗೆ, ಕೋಳಿ ಸೂಪಿನ ತಿಳಿ, ಹಾಲು. ಎರಡು ವಾರ ಹೀಗೆ. ಮೀನಿನ ಸುದ್ದಿಯೇ ಇಲ್ಲ, ಜೂನ್-ಜುಲೈ ಬೋಟುಗಳಿಗೆ ರಜೆಯಲ್ಲವೇ, ಸಿಕ್ಕಿದ ಮೀನಿಗೆ ಚಿನ್ನದ ಬೆಲೆ.

ಶುಗರ್ ಮಾತ್ರ ತೂಕ ಇಳಿಯುವ ಮೊದಲೇ ಇಳಿಯಲು ಶುರುವಾಯಿತು. ಡಾಕ್ಟ್ರು ಮಾತ್ರೆ ಅರ್ಧಕ್ಕಿಳಿಸಿದರು. ನಾನೇ ಬಿಟ್ಟದ್ದಲ್ಲ, ಅವರು ಹೇಳಿಯೇ. ಈ ಮಾತು ಯಾಕೆ ಒತ್ತಿ ಹೇಳ್ತೇನೆ ಅಂದರೆ ನಮ್ಮವರಿಗೆ ಮಾತ್ರೆ ಬಿಡಲು ಒಂದು ನೆಪ ಸಾಕು.

ಹದಿನೆಂಟನೇ ದಿನ ತಪ್ಪು ಮಾಡಿದೆ. ನುಣ್ಣಗೆ ಅರೆದ ಆಹಾರದ ವಾರ ಅದು. ಹೆಂಡತಿ ಮಕ್ಕಳಿಗೆ ನೀರುದೋಸೆ ಹೊಯ್ಯುತ್ತಿದ್ದಳು. ತೆಳ್ಳಗೆ, ಮೆತ್ತಗೆ, ಬಾಯಲ್ಲಿಟ್ಟರೆ ಕರಗುವ ಹಾಗಿದೆಯಲ್ಲಾ, ಇದೇನು ಮಾಡೀತು ಅಂತ ಅವಳು ಆಚೆ ತಿರುಗಿದಾಗ ಎರಡು ತುಂಡು ಬಾಯಿಗೆ ಹಾಕಿಕೊಂಡೆ. ಕದ್ದು ತಿನ್ನುವಾಗ ಅಗಿಯಲಿಕ್ಕೆ ಪುರುಸೊತ್ತು ಎಲ್ಲಿ? ಮೂರು ನಿಮಿಷ ಆಗಿರಲಿಕ್ಕಿಲ್ಲ, ಎದೆಯ ಮಧ್ಯೆ ಕಲ್ಲು ಕೂತ ಹಾಗೆ ಆಯಿತು. ಬಾಯಿ ತುಂಬ ನೊರೆ ಜೊಲ್ಲು. ಕೆಳಗೂ ಇಳಿಯದು, ಮೇಲೂ ಬಾರದು. ಅಕ್ಕಿಯ ಹಿಟ್ಟು ಒಳಗೆ ಅಂಟಾಗಿ ಮುದ್ದೆಯಾಗಿ ಕೂರುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಂತೂ ಮುಕ್ಕಾಲು ಗಂಟೆಯ ಮೇಲೆ ವಾಂತಿಯಾಗಿ ಬಿಡುಗಡೆ. ಆಸ್ಪತ್ರೆಗೆ ಫೋನ್ ಮಾಡಿದರೆ ಜ್ವರ ಉಂಟಾ, ಎದೆ ಬಡಿತ ಜೋರುಂಟಾ, ಹೊಟ್ಟೆನೋವು ಉಂಟಾ ಅಂತ ಕೇಳಿದರು. ಹೊಲಿಗೆ ಬಿಟ್ಟಿದ್ದರೆ ಅವೇ ಲಕ್ಷಣ. ಯಾವುದೂ ಇರಲಿಲ್ಲ. ಒಂದು ದಿನ ಮತ್ತೆ ಬರೀ ನೀರಿಗೆ ಹಿಂದೆ ಹೋಗಿ ಅಂದರು.

ಅಮ್ಮ ಇಡೀ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಒಂದು ಮಾತು ಆಡಲಿಲ್ಲ.

ಮೂರು ದಿನ ಕಳೆದು, ಜುಲೈ 24ಕ್ಕೆ ಆಟಿ ಅಮಾವಾಸ್ಯೆ. ನಮ್ಮಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ಕ್ರಮ, ಆಮೇಲೆ ಮೆಂತೆ ಗಂಜಿ. ಪ್ರತಿವರ್ಷ ನನಗೆ ಮೂಗು ಹಿಡಿದು ಕುಡಿಸುತ್ತಿದ್ದ ಅಮ್ಮ ಈ ಸಲ ಕೇಳಲೂ ಇಲ್ಲ. ತಾವು ಕುಡಿದರು, ಮಕ್ಕಳಿಗೆ ಕೊಟ್ಟರು. ಆಮೇಲೆ ಮೆಂತೆ ಗಂಜಿಯನ್ನು ಮಿಕ್ಸಿಗೆ ಹಾಕಿ, ಚಟ್ನಿ ಬಡಿಸುವ ಪುಟ್ಟ ಬಟ್ಟಲಲ್ಲಿ ತಂದು ಎದುರು ಕೂತರು.

"ನಿನ್ನ ಅಪ್ಪನಿಗೂ ಡಾಕ್ಟ್ರು ಅನ್ನ ಕಡಿಮೆ ಮಾಡಿ ಅಂದಿದ್ರು ಮಗಾ. ಸಾಕು ಅಂತ ಅವರು ಕೈ ಅಡ್ಡ ಹಿಡಿದರೂ ಮತ್ತೆರಡು ಸೌಟು ಹಾಕಿದವಳು ನಾನೇ."

ಅಪ್ಪ ಹೃದಯಾಘಾತದಿಂದ ಹೋದದ್ದು ಐವತ್ನಾಲ್ಕಕ್ಕೆ. ಇಷ್ಟು ವರ್ಷ ಈ ಮಾತನ್ನು ಅಮ್ಮ ಎಲ್ಲಿಟ್ಟುಕೊಂಡಿದ್ದರೋ. ಹಾಗಲ್ಲಮ್ಮಾ, ಅವರ ಹಣೆಬರಹ, ನಿಮ್ಮದೇನು ತಪ್ಪು ಅಂತ ಏನೇನೋ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಚಮಚ ನನ್ನ ಕೈಗೆ ಕೊಟ್ಟು ಗೋಡೆಯ ಗಡಿಯಾರ ನೋಡುತ್ತಾ ಕೂತರು. ನಾಲ್ಕನೇ ಚಮಚಕ್ಕೆ ನನಗೆ ಸಾಕಾಯಿತು. "ಸಾಕು" ಅಂದೆ. ಬಟ್ಟಲಲ್ಲಿ ಇನ್ನೂ ಅರ್ಧ ಇತ್ತು. ಅಮ್ಮನ ಕೈ ಒಮ್ಮೆ ಮುಂದೆ ಬಂತು, ಮತ್ತೆ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಆಗಸ್ಟ್ ಒಂದಕ್ಕೆ ಬೋಟು ಇಳಿಯಿತು. ಐದನೇ ವಾರದಲ್ಲಿ ಹಬೆಯಲ್ಲಿ ಬೇಯಿಸಿದ ಬಂಗುಡೆ, ಮುಳ್ಳು ಬಿಡಿಸಿ, ಅರ್ಧ. ಬರೀ ಉಪ್ಪು, ಅರಸಿನ. ಅಗಿದು ಅಗಿದು ಇಪ್ಪತ್ತೈದು ನಿಮಿಷ ತಿಂದೆ. ಊಟದ ನಡುವೆ ನೀರಿಲ್ಲ, ಆಮೇಲೂ ಅರ್ಧ ಗಂಟೆ ಇಲ್ಲ. ಆವತ್ತಿಗೆ ತೂಕ 112. ಸಂಜೆ ಮಳೆ ಬಿಟ್ಟಾಗ ಕಾವೂರು ಕೆರೆಯ ಕಡೆ ನಡೆಯಲು ಹೊರಟೆ. ದಾರಿಯಲ್ಲಿ ಪಕ್ಕದ ಮನೆಯ ಅಕ್ಕ ಸಿಕ್ಕಿದರು. "ಒಣಸ್ ಆಂಡಾ?" ಅಂದರು.

"ಆಂಡ್ ಅಕ್ಕಾ, ಬಂಗುಡೆ" ಅಂದೆ.