ದೇಶವೂ ಕೋಶವೂ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಎರಡರಲ್ಲಿ ಒಂದನ್ನು ಮಾಡಿದರೆ ಸಾಕೆಂದು ಕೇಳಿದವರಿಗೆ ತೋರುವುದು ಸಹಜ. ಆದರೆ ಕೋಶವನ್ನು ಚೆನ್ನಾಗಿ ಓದಿಕೊಂಡು, ಅದನ್ನೇ ನಂಬಿ ದೇಶಕ್ಕೆ ಹೋದವನ ಪಾಡೇನೆಂಬುದನ್ನು ಗಾದೆಯು ತಿಳಿಸುವುದಿಲ್ಲ. ಬೆಂಗಳೂರಿನಲ್ಲಿ ಎರಡು ವರ್ಷ ಸ್ಪ್ಯಾನಿಷ್ ಭಾಷೆಯನ್ನು ಅಭ್ಯಾಸಮಾಡಿ, ಪರೀಕ್ಷೆಯಲ್ಲಿ ಮೊದಲಿಗನಾಗಿ, ಮುಂದಿನ ವ್ಯಾಸಂಗಕ್ಕೆಂದು ಸ್ಪೇನಿನ ಸಾಲಮಾಂಕಾ ನಗರಕ್ಕೆ ತೆರಳಿದ ವಿದ್ಯಾರ್ಥಿಯೋರ್ವನು ಆ ಪಾಡನ್ನು ಒಂದೇ ವಾರದಲ್ಲಿ ಅರಿತನು.

ಸಾಲಮಾಂಕಾ ವಿದ್ಯೆಗೆ ಹೆಸರಾದ ಊರು. ಅಲ್ಲಿಯ ವಿಶ್ವವಿದ್ಯಾನಿಲಯವು 1218ರಲ್ಲಿ ಸ್ಥಾಪಿತವಾದುದು. ಸ್ಪೇನಿನಲ್ಲಿ ಇಂದಿಗೂ ನಡೆದುಬರುತ್ತಿರುವ ವಿಶ್ವವಿದ್ಯಾನಿಲಯಗಳಲ್ಲಿ ಅದೇ ಅತ್ಯಂತ ಪ್ರಾಚೀನವಾದುದು. ಊರಿನ ಹಳೆಯ ಕಟ್ಟಡಗಳನ್ನು ಸಮೀಪದ ವಿಲ್ಯಮಯೋರ್ ಗ್ರಾಮದ ಮರಳುಗಲ್ಲಿನಿಂದ ಕಟ್ಟಿರುವರು. ಗಣಿಯಿಂದ ಹೊಸದಾಗಿ ತೆಗೆದಾಗ ಉಳಿಗೆ ಸುಲಭವಾಗಿ ಒಲಿಯುವ ಈ ಕಲ್ಲು ಬರಬರುತ್ತ ಗಟ್ಟಿಯಾಗುವುದು. ಅದರಲ್ಲಿರುವ ಕಬ್ಬಿಣದ ಅಂಶವು ಕಾಲಕ್ರಮದಲ್ಲಿ ಹೊಂಬಣ್ಣವನ್ನು ತಾಳುವುದು. ಇಳಿಬಿಸಿಲಿನಲ್ಲಿ ಊರಿಗೆ ಊರೇ ಚಿನ್ನದ ನೀರಿನಲ್ಲಿ ಮಿಂದಂತೆ ಕಾಣುವುದು.

ಇಷ್ಟು ಚೆಲುವಿನ ನಡುವೆ ಆತನು ಮೂಕನಾದನು. ಪಾಠದಲ್ಲಿ ದಕ್ಷಿಣ ಅಮೆರಿಕದ ಉಚ್ಚಾರಣೆಯನ್ನು ಕೇಳಿದ್ದ ಕಿವಿಗೆ ಇಲ್ಲಿಯ ನುಡಿ ಬೇರೆಯಾಗಿತ್ತು. 'ಗ್ರಾಸಿಯಾಸ್' ಎಂದು ತಾನು ಕಲಿತಿದ್ದ ಕೃತಜ್ಞತೆಯ ಮಾತನ್ನು ಇಲ್ಲಿಯವರು ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು 'ಗ್ರಾಥಿಯಾಸ್' ಎನ್ನುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಯಾಕೆಗೆ ಪುಸ್ತಕದಲ್ಲಿದ್ದಂತೆ ಅಪರಾಹ್ನದ ವಂದನೆಯನ್ನು ಹೇಳಿದರೆ, ಆಕೆ ನಸುನಕ್ಕು ಬೆಳಗಿನ ವಂದನೆಯನ್ನೇ ಹಿಂದಿರುಗಿಸಿದಳು. ಅಲ್ಲಿ ಊಟವಾಗುವವರೆಗೂ ಬೆಳಗೇ. ಊಟವೋ ಎರಡು ಗಂಟೆಯ ಮೇಲೆ. ರಾತ್ರಿಯ ಊಟ ಒಂಬತ್ತಕ್ಕೆ ಮೊದಲಿಲ್ಲ. ಸಂಜೆ ಆರಕ್ಕೆ ಹಸಿದು ಹೋದವನಿಗೆ ಭೋಜನಶಾಲೆಯ ಒಲೆ ತಣ್ಣಗಿದ್ದುದರಿಂದ ಎರಡು ದಿನ ಬರಿಯ ರೊಟ್ಟಿಯೇ ಗತಿಯಾಯಿತು.

ಹಸಿವು ದೊಡ್ಡದಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸಭೆಯನ್ನು ಗೆದ್ದವನು ಇಲ್ಲಿ ಮಗುವಿನಂತೆ ಬೆರಳು ತೋರಿಸಿ ವಸ್ತುಗಳನ್ನು ಕೇಳಬೇಕಾಗಿ ಬಂದುದು ದೊಡ್ಡದು. ನಾಲ್ಕನೆಯ ದಿನದ ಹೊತ್ತಿಗೆ, ಮಾತನಾಡದೆಯೇ ಸಾಮಾನು ಆರಿಸಿಕೊಳ್ಳಬಹುದಾದ ಅಂಗಡಿಯನ್ನು ಆತನು ಹುಡುಕಿಕೊಂಡಿದ್ದನು. ಫೋನಿನಲ್ಲಿ ತಾಯಿಗೆ 'ಎಲ್ಲವೂ ಸರಿಯಾಗಿದೆ' ಎಂದನು. ಅನಂತರ ಕೋಣೆಯಲ್ಲಿ ಕುಳಿತು, ಎರಡು ವರ್ಷಗಳ ಓದು ನಷ್ಟವಾಯಿತೆ, ಹಿಂದಿರುಗಿಬಿಡುವುದೇ ಮೇಲೆ, ಎಂದು ಚಿಂತಿಸತೊಡಗಿದನು.

ಮರುದಿನ ವಿಶ್ವವಿದ್ಯಾನಿಲಯದ ಹಳೆಯ ಕಟ್ಟಡದ ಮುಂದೆ ಜನರು ಗುಂಪಾಗಿ ಕತ್ತೆತ್ತಿ ನಿಂತಿದ್ದರು. 16ನೆಯ ಶತಮಾನದ ಆ ಮುಂಭಿತ್ತಿಯ ದಟ್ಟವಾದ ಕೆತ್ತನೆಯಲ್ಲಿ ಒಂದು ತಲೆಬುರುಡೆ, ಅದರ ಮೇಲೊಂದು ಚಿಕ್ಕ ಕಪ್ಪೆ. ಪರರ ನೆರವಿಲ್ಲದೆ ಕಪ್ಪೆಯನ್ನು ಕಂಡ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ತೇರ್ಗಡೆಯಾಗುವನೆಂದು ಅಲ್ಲಿಯವರ ನಂಬಿಕೆ. 1900ರಲ್ಲಿ ಆ ವಿಶ್ವವಿದ್ಯಾನಿಲಯದ ರೆಕ್ಟರಾದ ಸಾಹಿತಿ ಮಿಗೆಲ್ ದೆ ಉನಾಮುನೊ ಮಹಾಶಯನು, ಜನರು ಕಪ್ಪೆಯನ್ನು ನೋಡುವುದು ಕೆಡುಕಲ್ಲ, ಅದೊಂದನ್ನೇ ನೋಡಿ ಹೋಗುವುದು ಕೆಡುಕು ಎಂಬರ್ಥದ ಮಾತನ್ನಾಡಿದ್ದನೆಂದು ಪ್ರತೀತಿ. ಈ ಮಾತು ವಿದ್ಯಾರ್ಥಿಯ ಮನಸ್ಸಿಗೆ ನಾಟಿತು. ಐದು ದಿನಗಳಿಂದ ಆತನು ಕೇಳುತ್ತಿದ್ದುದು ತನಗೆ ತಿಳಿಯದ ಪದಗಳನ್ನು ಮಾತ್ರ. ಆಡುವವರ ಮುಖವನ್ನು ನೋಡಿರಲೇ ಇಲ್ಲ.

ಆ ಸಂಜೆ ಪುಸ್ತಕವನ್ನು ಕೋಣೆಯಲ್ಲಿಯೇ ಬಿಟ್ಟು ಪ್ಲಾಥಾ ಮಯೋರಿಗೆ ಹೋದನು. 1729ರಲ್ಲಿ ಆರಂಭವಾಗಿ 1755ರಲ್ಲಿ ಮುಗಿದ ಆ ಚೌಕವು ನಾಲ್ಕು ಕಡೆಗಳಲ್ಲಿಯೂ ಕಮಾನುಸಾಲುಗಳಿಂದ ಸುತ್ತುವರಿದಿದೆ. ಅಲ್ಲಿಯ ಗಡಿಯಾರದ ಕೆಳಗೆ ಸಂಧಿಸುವುದು ಊರವರ ವಾಡಿಕೆ. ಅಜ್ಜಂದಿರು, ಮೊಮ್ಮಕ್ಕಳು, ಜೊತೆಗಾರರು ಯಾವ ಕೆಲಸವೂ ಇಲ್ಲದೆ ಸುತ್ತಾಡುತ್ತಿದ್ದರು. ಅಗಲುವಾಗ ಪ್ರತಿಯೊಬ್ಬರೂ 'ಅಸ್ತ ಲುಯೇಗೊ' ಎನ್ನುತ್ತಿದ್ದರು. ಆಮೇಲೆ ಕಾಣೋಣ ಎಂದು ಕೋಶದ ಅರ್ಥ. ಅಂಗಡಿಯಾಕೆ ಹಾಗೆಂದಾಗ, ಮತ್ತೆ ಯಾವಾಗ ಬರಬೇಕೋ ಎಂದು ಆತನು ಗೊಂದಲಪಟ್ಟಿದ್ದನು. ಗುರುತಿಲ್ಲದವರಿಗೂ ಅದನ್ನೇ ಹೇಳುವುದನ್ನು ಕಂಡಾಗ ಥಟ್ಟನೆ ಹೊಳೆಯಿತು: ನಮ್ಮವರು ಹೊರಡುವಾಗ 'ಹೋಗಿ ಬರುತ್ತೇನೆ' ಎನ್ನುವುದಿಲ್ಲವೆ? ಮರಳಿ ಬಾರದವನೂ ಬರುತ್ತೇನೆಂದೇ ಹೇಳುವನು. ಅಗಲಿಕೆಯ ನುಡಿಯಲ್ಲಿ ಅಗಲಿಕೆಯನ್ನು ತಾರದಿರುವ ಸೌಜನ್ಯ ಇಬ್ಬರದೂ ಒಂದೇ.

ಅಷ್ಟರಲ್ಲಿ ಪರವೂರಿನ ವೃದ್ಧ ದಂಪತಿಗಳು ಆತನ ಬಳಿ ಬಂದು, ಚಿಪ್ಪುಗಳ ಮನೆ ಎಲ್ಲಿ ಎಂದು ಕೇಳಿದರು. ಗೋಡೆಯ ತುಂಬ ಕಲ್ಲಿನ ಚಿಪ್ಪುಗಳಿರುವ, ಈಗ ಸಾರ್ವಜನಿಕ ಗ್ರಂಥಾಲಯವಾಗಿರುವ ಆ ಮನೆಯನ್ನು ಆತನು ಮೊದಲ ದಿನವೇ ನೋಡಿದ್ದನು. ರೂಆ ಮಯೋರ್ ಬೀದಿಯಲ್ಲಿ ನೇರವಾಗಿ ಹೋಗಿ, ಬಲಗಡೆಗೆ ಸಿಕ್ಕುವುದು ಎಂದನು. ಅವರು ಅರ್ಥಮಾಡಿಕೊಂಡು, ವಂದಿಸಿ, 'ಅಸ್ತ ಲುಯೇಗೊ' ಎಂದರು. ಆತನೂ ಹಾಗೆಯೇ ಎಂದನು. ಅವರು ಹೋದ ಮೇಲೆಯೇ, ತಾನು ವ್ಯಾಕರಣವನ್ನು ನೆನೆಯದೆ ಮಾತನಾಡಿದೆನೆಂಬುದು ಆತನಿಗೆ ಅರಿವಾದುದು.

ಕೋಶವು ಆತನಿಗೆ ಸುಳ್ಳು ಹೇಳಿರಲಿಲ್ಲ. ಆ ಐದಾರು ಪದಗಳೂ ಅದರಿಂದಲೇ ಬಂದವು. ಆದರೆ ಪದವು ಯಾವ ಹೊತ್ತಿಗೆ, ಯಾರ ಬಾಯಿಂದ, ಯಾವ ಮುಖಭಾವದಿಂದ ಹೊರಡುವುದೆಂಬುದನ್ನು ದೇಶವೇ ಕಲಿಸಬೇಕು. ಕಲಿಯುವವನು ಕೆಲವು ದಿನ ಮೂಕನಾಗಿರಲು ಒಪ್ಪಬೇಕು. ಮಗುವೂ ಬಹುಕಾಲ ಕೇಳಿದ ಮೇಲೆಯೇ ಮಾತನಾಡುವುದು. ಆ ಮೌನವನ್ನು ಯಾರೂ ಸೋಲೆಂದು ಎಣಿಸುವುದಿಲ್ಲ.