ಹಸುಗಳು ವಾಪಸ್ ಬಂದ್ವಾ?

ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ರಾತ್ರಿ ಕಥೆ ಇಲ್ಲದೆ ಕಣ್ಣು ಮುಚ್ಚುವವಳಲ್ಲ. ಹೋದ ವರ್ಷದವರೆಗೂ ಕಾಗಕ್ಕ ಗುಬ್ಬಕ್ಕರನ್ನು ಮುಂದೆ ಬಿಟ್ಟು ಹೇಗೋ ನಿಭಾಯಿಸುತ್ತಿದ್ದೆ. ಈ ಬೇಸಿಗೆ ರಜೆಯಲ್ಲಿ ಒಂದು ರಾತ್ರಿ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಹುಕುಂ ಹೊರಡಿಸಿದಳು: "ಅಜ್ಜಿ, ಇವತ್ತು ಯುದ್ಧದ ಕಥೆ. ನಿಜದ್ದು. ಯಾರೂ ಹಾರಬಾರದು, ಪ್ರಾಣಿಗಳು ಮಾತಾಡಬಾರದು."

ಈ ಎರಡು ಷರತ್ತಿಗೆ ರಾಮಾಯಣ ಪೂರ್ತಿ ಹೋಯಿತು. ಮಹಾಭಾರತದಲ್ಲಿ ಉಳಿದಿದ್ದೂ ಅಷ್ಟಕ್ಕಷ್ಟೇ. ನಾನು ಒನಕೆ ಓಬವ್ವನನ್ನು ಕರೆದೆ. ನಮ್ಮ ತಲೆಮಾರಿನವರಿಗೆ ಕಷ್ಟಕಾಲದಲ್ಲಿ ಓಡಿಬರುವವಳು ಅವಳೇ ತಾನೆ. ಚಿತ್ರದುರ್ಗದ ಕೋಟೆ, ಮದಕರಿ ನಾಯಕ, ಮುತ್ತಿಗೆ ಹಾಕಿದ ಹೈದರಾಲಿಯ ಸೈನ್ಯ, ಕಲ್ಲಿನ ಕಿಂಡಿ, ಊಟಕ್ಕೆ ಬಂದ ಕಾವಲುಗಾರ ಗಂಡ, ನೀರಿಗೆ ಹೋದ ಹೆಂಡತಿ. ಒನಕೆ ಎತ್ತುವ ಜಾಗಕ್ಕೆ ಬರುವಷ್ಟರಲ್ಲಿ ನನಗೇ ಆವೇಶ ಬಂದು ಮಂಚ ಕಿರುಗುಟ್ಟಿತು. ಮೊಮ್ಮಗಳು ಶಾಂತವಾಗಿ ಕೇಳಿದಳು: "ಗಂಡನ್ನ ಯಾಕೆ ಕರೀಲಿಲ್ಲ?"

"ಊಟ ಮಾಡ್ತಿದ್ದ ಪುಟ್ಟಿ. ಊಟದ ಮಧ್ಯೆ ಎಬ್ಬಿಸಬಾರದು ಅಂತ."

"ಸೈನ್ಯ ಬಂದ್ರೂನಾ?"

ಐವತ್ತು ವರ್ಷದಿಂದ ಆ ಕಥೆ ಹೇಳಿಕೊಂಡು ಬಂದಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. 1972ರಲ್ಲಿ 'ನಾಗರಹಾವು' ಬಂದಾಗ ನನಗೂ ಹೆಚ್ಚುಕಮ್ಮಿ ಅವಳದೇ ವಯಸ್ಸು. ನಮ್ಮೂರು ಸೊರಬದ ಕಡೆ. ಟೂರಿಂಗ್ ಟಾಕೀಸಿನಲ್ಲಿ ಜಯಂತಿ ಓಬವ್ವನಾಗಿ ಬಂದದ್ದನ್ನು ನೋಡಿ ಬಂದ ಮರುದಿನ ನಾನು ಅಜ್ಜಿಯ ಒನಕೆ ಕದ್ದು ಕೊಟ್ಟಿಗೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ. ಶತ್ರುವಾಗಿ ಬಗ್ಗಿ ಒಳಗೆ ಬರಬೇಕಾದವನು ತಮ್ಮ. ಒನಕೆ ನಾನೆಣಿಸಿದ್ದಕ್ಕಿಂತ ಬಹಳ ಭಾರ. ಮೊಣಕಾಲಿನ ಮೇಲಕ್ಕೆ ಅದು ಏಳಲೇ ಇಲ್ಲ. ಅಲ್ಲಿಂದ ಜಾರಿ ನನ್ನ ಕಾಲಿನ ಮೇಲೇ ಬಿತ್ತು. ಹೈದರಾಲಿಯ ಸೈನ್ಯ ಅಮ್ಮನನ್ನು ಕರೆಯಲು ಓಡಿತು. ಎಡಗಾಲಿನ ಹೆಬ್ಬೆರಳ ಉಗುರು ಇವತ್ತಿಗೂ ಸೊಟ್ಟ. ಧೈರ್ಯದ ಕಥೆಗಳಲ್ಲಿ ಆಯುಧದ ತೂಕವನ್ನು ಯಾರೂ ಹೇಳುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು.

ಅದೇ ಕಾಲದಲ್ಲಿ ರಾಷ್ಟ್ರೋತ್ಥಾನದವರ 'ಭಾರತ-ಭಾರತಿ'ಯ ಪುಟ್ಟ ಪುಸ್ತಕಗಳು ಬರತೊಡಗಿದ್ದವು. ಅಂಗೈಯಗಲದ ಪುಸ್ತಕದಲ್ಲಿ ಒಬ್ಬೊಬ್ಬ ಮಹನೀಯರು. ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ನನಗೆ ಸಿಕ್ಕಿದ್ದು ಅಂಥ ಪುಟ್ಟ ಪುಸ್ತಕಗಳಲ್ಲಿ. ಆದರೆ ಅದಕ್ಕೂ ಮುಂಚೆ, ಅಕ್ಷರ ಕೂಡಿಸಲು ಬರುವ ಮುಂಚೆಯೇ, ನಾನೊಂದು ಯುದ್ಧದ ಕಥೆ ಓದಿದ್ದೆ. ಓದಿದ್ದೆ ಎನ್ನುವುದಕ್ಕಿಂತ ಅದಕ್ಕೆ ಒರಗಿ ಕೂತಿದ್ದೆ ಎಂದರೆ ಸರಿ. ಅದು ನಮ್ಮೂರ ಕೆರೆ ಏರಿಯ ತುದಿಯಲ್ಲಿದ್ದ ಬೀರಗಲ್ಲು.

ಎದೆಯೆತ್ತರದ ಕಲ್ಲು, ಒಂದು ಕಡೆ ವಾಲಿತ್ತು. ಮೇಲ್ತುದಿಯಲ್ಲಿ ಸೂರ್ಯ, ಚಂದ್ರ. ಅದರ ಕೆಳಗೆ ಲಿಂಗ. ಮಧ್ಯದಲ್ಲಿ ಇಬ್ಬರು ಹೆಂಗಸರು, ನಡುವೆ ಒಬ್ಬ ಗಂಡಸು. ಎಲ್ಲಕ್ಕಿಂತ ಕೆಳಗೆ ಅದೇ ಗಂಡಸು ಬಿಲ್ಲು ಹಿಡಿದು ನಿಂತಿದ್ದ, ಮೊಣಕಾಲಿನವರೆಗೆ ಮಾತ್ರ. ಉಳಿದದ್ದು ಮಣ್ಣಿನಲ್ಲಿ. ಮೇಯಲು ಹೋದ ದನಗಳು ಸಂಜೆ ಬರುವಾಗ ಆ ಕಲ್ಲಿಗೆ ಕತ್ತು ತಿಕ್ಕದೆ ಮುಂದೆ ಹೋಗುತ್ತಿರಲಿಲ್ಲ. ತಿಕ್ಕಿ ತಿಕ್ಕಿ ವೀರನ ಮುಖ ಹುಣಸೆಬೀಜದ ಹಾಗೆ ನುಣುಪಾಗಿತ್ತು.

"ಯಾರಜ್ಜಿ ಅವ?" ಎಂದರೆ ನನ್ನಜ್ಜಿ ಹೇಳುತ್ತಿದ್ದುದು ಇಷ್ಟೇ: "ಯಾರೋ ಕಳ್ರು ಊರಿನ ದನ ಹೊಡ್ಕಂಡು ಹೋಗ್ತಿದ್ರಂತೆ. ಇವ ಅಡ್ಡ ಹೋದ್ನಂತೆ. ಸತ್ನಂತೆ." ಮೂರು 'ಅಂತೆ'ಯಲ್ಲಿ ಕಥೆ ಮುಗಿಯಿತು. ಇನ್ನೂ ಹೇಳು ಎಂದರೆ, "ಇನ್ನೇನು ಹೇಳದು? ಸತ್ತ ಮೇಲೆ ಇರ್ತದಾ ಕಥೆ?" ಎಂದು ಒಲೆಗೆ ಸೌದೆ ದೂಡುತ್ತಿದ್ದಳು.

ನಿಜವಾದ ಯುದ್ಧ ಕಂಡವರು ಊರಿನಲ್ಲಿ ಒಬ್ಬರೇ, ನಾವೆಲ್ಲ ಮಿಲ್ಟ್ರಿ ಮಾವ ಎಂದು ಕರೆಯುತ್ತಿದ್ದವರು. 1971ರ ಯುದ್ಧ ಮುಗಿಸಿ ರಜೆಗೆ ಬಂದಿದ್ದರು. ಹುಡುಗರೆಲ್ಲ ಅವರ ಸುತ್ತ ಕೂತು, ಎಷ್ಟು ಜನರನ್ನು ಹೊಡೆದಿರಿ, ಟ್ಯಾಂಕು ಎಷ್ಟು ದೊಡ್ಡದು ಎಂದು ಪೀಡಿಸಿದೆವು. ಅವರು ಚಳಿಯ ಬಗ್ಗೆ ಹೇಳಿದರು. ಒದ್ದೆ ಕಾಲುಚೀಲದ ಬಗ್ಗೆ ಹೇಳಿದರು. ಅಲ್ಲಿ ಅನ್ನ ಸಿಗದೆ ರೊಟ್ಟಿ ತಿಂದು ತಿಂದು ನಮ್ಮ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿ ಕನಸಿನಲ್ಲಿ ಬರುತ್ತಿದ್ದುದನ್ನು ಹೇಳಿದರು. ನಮಗೆ ಘೋರ ನಿರಾಸೆ. ಈ ಮನುಷ್ಯ ಮಿಲ್ಟ್ರಿಯಲ್ಲಿ ಅಡುಗೆಯವನೇ ಇರಬೇಕು ಎಂದು ತಮ್ಮ ತೀರ್ಪು ಕೊಟ್ಟ. ಒಂದು ವಿಷಯ ಮಾತ್ರ ನನಗೆ ನೆನಪಿದೆ: ಏರಿಯ ಮೇಲೆ ಹೋಗುವಾಗ ಬೀರಗಲ್ಲು ಬಂದ ಕೂಡಲೇ ಅವರು ಬೀಡಿಯನ್ನು ಬೆನ್ನ ಹಿಂದೆ ಹಿಡಿದುಕೊಳ್ಳುತ್ತಿದ್ದರು, ಹಿರಿಯರು ಎದುರು ಬಂದ ಹಾಗೆ.

ಮುಂದೆ ಬ್ಯಾಂಕಿನ ಕೆಲಸದ ಮೇಲೆ ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನು ಸುತ್ತಿದೆ. ಸಾಲದ ಅರ್ಜಿ ಹಿಡಿದು ಯಾವ ಊರಿಗೆ ಹೋದರೂ ಬಸ್ ಸ್ಟ್ಯಾಂಡಿನ ಹಿಂದೆ, ಹುಣಸೆಮರದ ಬುಡದಲ್ಲಿ, ದೇವಸ್ಥಾನದ ಚರಂಡಿಯ ಪಕ್ಕ ಒಂದು ವೀರಗಲ್ಲು. ಒಂದು ಊರಿನಲ್ಲಿ ಬಟ್ಟೆ ಒಗೆಯುವುದೇ ಅದರ ಮೇಲೆ. ಕುತೂಹಲ ಹುಟ್ಟಿ ಓದತೊಡಗಿದೆ. ಕನ್ನಡ ನಾಡಿನಲ್ಲಿ ಇಂಥ ಕಲ್ಲುಗಳು ಸಾವಿರಾರು. ಅವುಗಳಲ್ಲಿ ರಾಜರ ಮಹಾಯುದ್ಧದವೂ ಇವೆ, ಆದರೆ ಮತ್ತೆ ಮತ್ತೆ ಸಿಗುವುದು ನನ್ನಜ್ಜಿ ಹೇಳಿದ್ದೇ. ಅದಕ್ಕೆ ಹಳಗನ್ನಡದಲ್ಲಿ ಒಂದು ಪದವೇ ಇದೆ: ತುರುಗೋಳ್. ತುರು ಎಂದರೆ ದನ. ದನಗಳನ್ನು ಹೊಡೆದುಕೊಂಡು ಹೋಗುವುದು, ಅದನ್ನು ತಡೆಯಲು ಹೋಗಿ ಸಾಯುವುದು. ಊರಿಗೆ ಊರೇ ಹಾಳಾದಾಗ ಕಾದಿದರೆ ಊರಳಿವು. ಹೆಂಗಸರ ಮೊರೆ ಕೇಳಿ ನುಗ್ಗಿದರೆ ಪೆಣ್ಬುಯ್ಯಲ್. ಸತ್ತವನ ಮನೆಯವರಿಗೆ ಕೊಡುವ ಭೂಮಿಗೆ ನೆತ್ತರುಗೊಡಗೆ. ಎಂಥ ಪದ ನೋಡಿ! ಇವತ್ತು ನಾವು ಪರಿಹಾರಧನ ಎನ್ನುತ್ತೇವೆ, ಅದರಲ್ಲಿ ಒಂದು ಹನಿ ರಕ್ತವೂ ಕಾಣುವುದಿಲ್ಲ.

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನೇ ತೆಗೆದುಕೊಳ್ಳಿ. ಬಹುಕಾಲ ಕನ್ನಡದ ಮೊದಲ ಶಾಸನ ಎನಿಸಿಕೊಂಡಿದ್ದು, ಕ್ರಿ.ಶ. 450ರ ಸುಮಾರಿನದು. ನಮಗೆ ಶಾಲೆಯಲ್ಲಿ ಅದು ಒಂದು ಅಂಕದ ಪ್ರಶ್ನೆ. ಊರು ಬರೆದರೆ ಅರ್ಧ, ಇಸವಿ ಬರೆದರೆ ಇನ್ನರ್ಧ. ಅದರಲ್ಲಿ ಏನಿದೆ ಎಂದು ಯಾರೂ ಹೇಳಲಿಲ್ಲ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸ ಎಂಬವನಿಗೆ ಹಲ್ಮಿಡಿ, ಮುಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟ ಕಥೆ ಅದು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ನಮ್ಮ ಭಾಷೆ ಕಲ್ಲಿನ ಮೇಲೆ ಅಂಬೆಗಾಲಿಡುವಾಗಲೇ ಅದರ ಮಡಿಲಲ್ಲಿ ತೊಳೆದ ಕತ್ತಿ ಇತ್ತು. ಇದನ್ನು ಹೇಳಿದ್ದರೆ ನಾನು ಇಸವಿಯನ್ನು ತಪ್ಪು ಬರೆಯುತ್ತಿರಲಿಲ್ಲ.

ಇಷ್ಟೆಲ್ಲ ತಿಳಿದುಕೊಂಡ ಗತ್ತಿನಲ್ಲಿ, ಓಬವ್ವ ಸೋತ ರಾತ್ರಿ, ಮೊಮ್ಮಗಳಿಗೆ ಬೀರಗಲ್ಲಿನ ಕಥೆ ಹೇಳಿದೆ. ಪಕ್ಕವಾದ್ಯಕ್ಕೆ ವಿರಾಟನಗರದ ಗೋಗ್ರಹಣವನ್ನೂ ಸೇರಿಸಿದೆ. ಕೌರವರು ಮಾಡಿದ್ದೂ ತುರುಗೋಳೇ ತಾನೆ. ಒಲೆಯ ಮುಂದೆ ಪೌರುಷ ಕೊಚ್ಚಿ ರಣರಂಗದಲ್ಲಿ ರಥದಿಂದ ಧುಮುಕಿ ಓಡಿದ ಉತ್ತರಕುಮಾರ ಅವಳಿಗೆ ಬಹಳ ಇಷ್ಟವಾದ. "ಅವನು ಮಾಡಿದ್ದು ಕರೆಕ್ಟ್" ಎಂದಳು. ನಮ್ಮೂರಿನ ವೀರ ಅಡ್ಡ ಹೋದ, ಕಾದಿದ, ಸತ್ತ ಎಂದು ಮುಗಿಸಿ ದೀಪ ಆರಿಸಲು ಕೈ ಚಾಚಿದೆ.

"ಅಜ್ಜಿ, ಹಸುಗಳು ವಾಪಸ್ ಬಂದ್ವಾ?"

ಕೈ ಅಲ್ಲೇ ನಿಂತಿತು. ನನ್ನಜ್ಜಿ ಅದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಎಷ್ಟೋ ಶಾಸನಗಳಲ್ಲಿ ಇದಕ್ಕೆ ಉತ್ತರವಿರುತ್ತದೆ: ದನಗಳನ್ನು ಮರಳಿಸಿ ಸ್ವರ್ಗಕ್ಕೆ ಹೋದ ಎಂದು ಕೊರೆದಿರುತ್ತಾರೆ. ಕೆಲವುದರಲ್ಲಿ ಕಾದಿ ಸತ್ತ ಎಂದಷ್ಟೇ ಇರುತ್ತದೆ. ನಮ್ಮೂರ ಕಲ್ಲಿನಲ್ಲಿ ಒಂದು ಅಕ್ಷರವೂ ಇರಲಿಲ್ಲ. "ಬಂದಿರ್ಬೇಕು, ಮಲಗು" ಎಂದೆ. "ಬಂದಿರ್ಬೇಕು ಅಂದ್ರೆ ನಿಜ ಅಲ್ಲ" ಎಂದು ಅವಳು ಗೋಡೆಯ ಕಡೆ ತಿರುಗಿದಳು.

ಮುಂದಿನ ಭಾನುವಾರ ಅವಳನ್ನು ಬೇಗೂರಿಗೆ ಕರೆದುಕೊಂಡು ಹೋದೆ. ಅವಳಿರುವುದು ಬೆಂಗಳೂರಿನಲ್ಲಿ, ಆ ಊರಿನ ಹೆಸರೇ ಒಂದು ವೀರಗಲ್ಲಿನಲ್ಲಿದೆ ಎಂದು ತೋರಿಸುವ ಆಸೆ. ನಾಗೇಶ್ವರ ದೇವಸ್ಥಾನದ ಆವರಣದ ಆ ಕಲ್ಲು ಕ್ರಿ.ಶ. 890ರ ಸುಮಾರಿನದು, ನಾಗತ್ತರ ಎಂಬವನ ಕಡೆಯವರಲ್ಲಿ ಬೆಂಗಳೂರಿನ ಕಾಳಗದಲ್ಲಿ ಸತ್ತವರನ್ನು ಹೆಸರಿಸುತ್ತದೆ. ಬೆಂಗಳೂರಿಗೆ ಆ ಹೆಸರು ತಂದಿತೆನ್ನುವ, ಬೇಯಿಸಿದ ಕಾಳು ಕೊಟ್ಟ ಅಜ್ಜಿಯ ಕಥೆಯಲ್ಲಿ ಬರುವ ವೀರಬಲ್ಲಾಳ ಹುಟ್ಟುವುದಕ್ಕೆ ಇನ್ನೂ ಇನ್ನೂರು ವರ್ಷಕ್ಕಿಂತ ಹೆಚ್ಚು ಇತ್ತು. "ಹಾಗಾದ್ರೆ ಆವಾಗ್ಲೂ ಬೆಂಗಳೂರಲ್ಲಿ ಜಗಳಾನೇ" ಎಂದಳು ಮೊಮ್ಮಗಳು, ದಾರಿಯಲ್ಲಿ ಆಟೋದವನೊಂದಿಗೆ ನಾನು ಆಡಿದ ಮಾತುಗಳನ್ನು ನೆನೆದು.

ಅವಳಿಗೆ ಹಿಡಿಸಿದ್ದು ಆತಕೂರಿನ ಕಥೆ. ಮದ್ದೂರು ತಾಲ್ಲೂಕಿನ ಆತಕೂರಿನ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಸೇರಿದ್ದು, ಕಾಲ 949-50. ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನ ಕಡೆ ಮಣಲೇರ ಎಂಬ ವೀರನಿದ್ದ. ಅವನ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಆ ನಾಯಿ ಮಾಡಿದ ಪಾಪಗಳೆಲ್ಲ ಅವನಿಗೆ ಎಂದು ಶಾಪವನ್ನೂ ಬರೆಸಿದರು. ಮೊಮ್ಮಗಳು ಬಹಳ ಹೊತ್ತು ಯೋಚಿಸಿದಳು. "ನಾಯಿ ಏನು ಪಾಪ ಮಾಡಿರತ್ತೆ? ಚಪ್ಪಲಿ ಕಚ್ಚಿರತ್ತೆ, ಅಷ್ಟೇ." ಗೊರವ ಧೈರ್ಯವಾಗಿ ಉಣ್ಣಬಹುದಿತ್ತು ಎಂದು ಇಬ್ಬರೂ ಒಪ್ಪಿದೆವು. ಪ್ರಾಣಿ ಇದ್ದರೂ ಮಾತಾಡಿಲ್ಲವಾದ್ದರಿಂದ ಕಥೆ ಷರತ್ತಿನೊಳಗೇ ಇತ್ತು.

ದೀಪಾವಳಿಗೆ ಊರಿಗೆ ಹೊರಟೆವು. ದಾರಿಯಲ್ಲಿ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದಲ್ಲಿ ಇಳಿದೆವು. ಅಲ್ಲಿನ ಒಂದು ವೀರಗಲ್ಲಿನ ಮುಂದೆ ಮೊಮ್ಮಗಳು ಕಾಮಿಕ್ಸ್ ಓದುವ ಹಾಗೆ ಮೇಲಿಂದ ಶುರು ಮಾಡಿದಳು. "ಮೊದಲು ಒಬ್ಬ ದೇವರ ಮುಂದೆ ಆರಾಮಾಗಿ ಕೂತಿದ್ದ. ಆಮೇಲೆ ಇಬ್ಬರು ಹೆಂಗಸರು ಬಂದು ಅವನನ್ನ ಎತ್ಕೊಂಡು ಹೋದ್ರು. ಕೆಳಗೆ ತಂದು ಯುದ್ಧದಲ್ಲಿ ಬಿಸಾಕಿದ್ರು."

ನನಗೆ ನಗು ತಡೆಯಲಾಗಲಿಲ್ಲ. ಇದನ್ನು ಕೆಳಗಿನಿಂದ ಓದಬೇಕು, ಮೊದಲು ಕಾಳಗ, ಆಮೇಲೆ ಅಪ್ಸರೆಯರು ಕರೆದೊಯ್ಯುವುದು, ಕೊನೆಗೆ ಕೈಲಾಸ ಎಂದು ತಿದ್ದಿದೆ. ಅವಳು ಒಪ್ಪಿದಳು, ಅರ್ಧ ಮನಸ್ಸಿನಿಂದ. ಕಾರಿನಲ್ಲಿ ಕೂತ ಮೇಲೆ ಯಾಕೋ ಮಿಲ್ಟ್ರಿ ಮಾವ ನೆನಪಾದರು. ಹದಿನೆಂಟಕ್ಕೆ ಊರು ಬಿಟ್ಟವರು. ದೇವರ ಗುಡಿ, ಏರಿ, ಅಪ್ಪೆಮಿಡಿ ಎಲ್ಲ ಬಿಟ್ಟು ಕೆಳಗಿನ ಚೌಕಕ್ಕೆ ಹೋಗಿ ಬಿದ್ದವರು. ಅವರ ಕಲ್ಲನ್ನು ಬಹುಶಃ ಮೇಲಿಂದಲೇ ಓದಬೇಕಿತ್ತು.

ಊರಿನಲ್ಲಿ ಹೋರಿ ಬೆದರಿಸುವ ಗದ್ದಲ. ಕೊಬ್ಬರಿ ಹಾರ ಕಟ್ಟಿಸಿಕೊಂಡ ಹೋರಿಗಳು ಓಡುತ್ತಿದ್ದವು, ಹಾರ ಕೀಳಲು ಹುಡುಗರು ಮೇಲೆ ಬೀಳುತ್ತಿದ್ದರು. ತುರುಗೋಳಿನ ನೆನಪು ಇದರಲ್ಲಿ ಉಳಿದಿದೆ ಎಂದು ಹೇಳುವಷ್ಟು ವಿದ್ವತ್ತು ನನಗಿಲ್ಲ, ಆದರೆ ಹಾಗೆ ಅನ್ನಿಸದೆ ಇರಲಿಲ್ಲ. ಕೆರೆ ಏರಿಗೆ ಹೋದರೆ ಬೀರಗಲ್ಲು ಹಳೆಯ ಜಾಗದಲ್ಲಿ ಇಲ್ಲ. ಹೂಳೆತ್ತಲು ಬಂದ ಜೆಸಿಬಿ ತಗುಲಿ ಉರುಳಿತಂತೆ. ಊರ ಹುಡುಗರೇ ಎತ್ತಿ ತಂದು, ಹತ್ತು ಮಾರು ಈಚೆಗೆ ಸಿಮೆಂಟಿನ ಕಟ್ಟೆ ಮಾಡಿ ನಿಲ್ಲಿಸಿದ್ದರು. ಈಗ ಅದು ನೆಟ್ಟಗಿತ್ತು, ನನಗಿಂತ ಎತ್ತರವಾಗಿತ್ತು. ನಾನು ಬಾಲ್ಯವೆಲ್ಲ ಒರಗಿ ಕೂತ ಕಲ್ಲಿಗೆ ಮೊಣಕಾಲಿನ ಕೆಳಗೂ ಒಂದೂವರೆ ಅಡಿ ಕಥೆ ಇತ್ತು.

ವೀರನಿಗೆ ಪಾದಗಳಿದ್ದವು. ಪಾದದ ಕೆಳಗೆ ಒಂದು ಸಾಲು ಹಸುಗಳು. ಮಣ್ಣಿನಲ್ಲಿ ಹೂತಿದ್ದ ಭಾಗವಾದ್ದರಿಂದ ನಿನ್ನೆ ಕೊರೆದ ಹಾಗಿದ್ದವು. ಕೊಂಬು, ಗಂಗೆದೊಗಲು, ತಿರುಗಿಸಿದ ಬಾಲ ಎಲ್ಲ ಸ್ಪಷ್ಟ. ಮೇಲೆ ಅವನ ಮುಖ ಮಾತ್ರ ಎಂದಿನಂತೆ ನುಣುಪು.

"ಅಜ್ಜಿ, ಇವು ಹೋಗ್ತಾ ಇದಾವಾ, ಬರ್ತಾ ಇದಾವಾ?"

ಹಸುಗಳ ಮುಖ ಬಲಕ್ಕಿತ್ತು. ಈಗ ಬಲಕ್ಕೆ ಊರು. ಹಳೆಯ ಜಾಗದಲ್ಲಿ ಕಲ್ಲು ಯಾವ ಕಡೆ ಮುಖ ಮಾಡಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ನಾನು ಯಾವಾಗಲೂ ಅದಕ್ಕೆ ಬೆನ್ನು ಕೊಟ್ಟು ಕೂತವಳು. ಅಲ್ಲೇ ನಿಂತಿದ್ದ ಹುಡುಗನನ್ನು ಕೇಳಿದೆ. ಜೆಸಿಬಿಯವನು ಹೇಗೆ ಇಳಿಸಿದನೋ ಹಾಗೆ ನಿಲ್ಲಿಸಿದೆವು ಅಕ್ಕ, ಎಂದ.

ಮೊಮ್ಮಗಳು ಅಷ್ಟರಲ್ಲಿ ಕಟ್ಟೆಯ ಮೇಲೆ ಮಂಡಿಯೂರಿದ್ದಳು. ತಲೆಯ ಕ್ಲಿಪ್ಪು ತೆಗೆದು, ಹಸುಗಳ ಕಾಲುಗಳ ಸಂದಿಯಲ್ಲಿ ಒಣಗಿದ್ದ ಕೆಸರನ್ನು ಕೆರೆದು ತೆಗೆಯುತ್ತ ಎಣಿಸುತ್ತಿದ್ದಳು. ಏಳರವರೆಗೆ ಬಂದಳು. ಎಂಟನೆಯದರ ಹಿಂಭಾಗ ಒಡೆದುಹೋಗಿತ್ತು.